ಕೊಪ್ಪದ ಗೋಡೆಯ ಮೇಲಿನ ಹೆಸರು

ವಕೀಲ ಪರಮೇಶ್ವರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಾಗಲೇ ಸುದ್ದಿ ನೆಟ್ಟಗಿಲ್ಲವೆಂದು ಶ್ರೀರಂಜನಿಗೆ ಗೊತ್ತಾಯಿತು. ಪಕ್ಕದಲ್ಲಿ ಅವಳ ಅಪ್ಪಯ್ಯ, ಶೃಂಗೇರಿಯ ವಿದ್ಯಾಶಂಕರ ಭಟ್ಟರು, ಕೊಪ್ಪದ ಆ ಕಚೇರಿಯನ್ನೂ ತಮ್ಮ ಮನೆಯ ಜಗಲಿ ಮಾಡಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ನಿನ್ನ ವಿಚ್ಛೇದನದ ಅರ್ಜಿಗೆ ಮಾರ್ಟಿನ್ ತಕರಾರು ಹಾಕಿದ್ದಾನೆ."

"ನನ್ನ ಬಿಡೋಕೆ ಮನಸ್ಸಿಲ್ವಂತಾ ಅವನಿಗೆ? ಜರ್ಮನಿಗೆ ಹೋದವ ಎರಡು ವರ್ಷದಿಂದ ಫೋನೂ ಎತ್ತಲಿಲ್ಲ!"

"ಹಾಗಲ್ಲಮ್ಮ. ಮದುವೆಯೇ ಆಗಿಲ್ಲ, ವಿಚ್ಛೇದನ ಎಂತಕ್ಕೆ ಅಂತ ಅವನ ವಾದ."

ಶ್ರೀರಂಜನಿಯ ಮೈ ಉರಿದುಹೋಯಿತು. ಅಪ್ಪಯ್ಯನ ಹತ್ತಿರ ಸಂಸ್ಕೃತ ಕಲಿಯಲು ಬಂದು, ಅಗ್ನಿಯ ಮುಂದೆ ಸಪ್ತಪದಿ ತುಳಿದು, ಶೃಂಗೇರಿಯಲ್ಲೇ ಬಾಡಿಗೆ ಮನೆ ಹಿಡಿದು ಎರಡು ವರ್ಷ ಅವಳ ಕೈಯಡುಗೆ ಉಂಡ ಮನುಷ್ಯ! ಗೋತ್ರವಿಲ್ಲದವನಿಗೆ ಅಪ್ಪಯ್ಯನೇ ಕಾಶ್ಯಪ ಗೋತ್ರ ಅಂಟಿಸಿದ್ದರು. ಅವಳಿಗೆ ಅವನೂ ಬೇಡ, ಅವನ ಕಾಸೂ ಬೇಡ. ಇವಳು ಹೆಂಡತಿಯಾಗಿದ್ದಳು, ಅವನು ಬಿಟ್ಟು ಓಡಿದ ಎಂದು ನ್ಯಾಯಾಲಯ ಬಾಯಿಬಿಟ್ಟು ಹೇಳಬೇಕು, ಅಷ್ಟೇ.

"ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳೇ ಆಗಿರಬೇಕು," ಎಂದರು ವಕೀಲರು. "ಹೋದ ವರ್ಷ, ಎರಡು ಸಾವಿರದ ಎಂಟರಲ್ಲಿ, ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಇವನು ಕ್ರೈಸ್ತ ಧರ್ಮ ಬಿಟ್ಟೇ ಇರಲಿಲ್ಲ, ಜರ್ಮನಿಯಲ್ಲಿ ಚರ್ಚಿಗೆ ಸೇರಿದವರು ಸರ್ಕಾರಕ್ಕೆ ಕಟ್ಟುವ ಚರ್ಚಿನ ತೆರಿಗೆಯನ್ನು ಕಟ್ಟುತ್ತಲೇ ಇದ್ದನಂತೆ. ಯಾವ ಧರ್ಮದವರಾದರೂ ಸರಿ ಎನ್ನುವ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಮಾಡಿಸಿದ್ದರೆ ಅವನ ಆಟ ನಡೀತಿರಲಿಲ್ಲ. ಯಾಕೆ ಮಾಡಿಸಲಿಲ್ಲ ಭಟ್ರೇ?"

ಭಟ್ಟರು ಕಿಟಕಿಯತ್ತ ಮುಖ ತಿರುಗಿಸಿದರು. ಕಾರಣ ಶ್ರೀರಂಜನಿಗೆ ಬಾಯಿಪಾಠವಾಗಿತ್ತು. ಆ ಕಾಯ್ದೆಯಲ್ಲಿ ಮದುವೆಯಾಗುವವರ ನೋಟಿಸು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ದಿನ ನೇತಾಡಬೇಕು. "ನನ್ನ ಮಗಳ ಹೆಸರು ಪರದೇಶಿಯ ಹೆಸರಿನ ಜೊತೆ ಕೊಪ್ಪದ ಗೋಡೆಯ ಮೇಲಾ? ಅಡಿಕೆ ವ್ಯಾಪಾರಿಗಳೆಲ್ಲ ಓದಿಕೊಂಡು ನಗಲಿಕ್ಕಾ? ಸಪ್ತಪದಿಗಿಂತ ದೊಡ್ಡ ಸಾಕ್ಷಿ ಎಂತ ಬೇಕು?" ಎಂದು ಅವತ್ತು ಗುಡುಗಿದ್ದು ಇದೇ ಬಾಯಿ.

ಭಟ್ಟರು ತಿರುಗಿದರು. ಮುಖ ಅರಳಿತ್ತು.

"ಅಂದ್ರೆ ಕಾನೂನಿನ ಲೆಕ್ಕದಲ್ಲಿ ಮದುವೆಯೇ ಆಗಿಲ್ಲ. ಒಳ್ಳೇದೇ ಆಯ್ತಲ್ಲ ಕೂಸೇ! ಗಂಡ ಬಿಟ್ಟವಳು ಅನ್ನೋ ಹೆಸರೂ ಇಲ್ಲ. ಬೇರೆ ಸಂಬಂಧ ನೋಡಬಹುದು."

ಸಮುದ್ರದಾಚೆಯ ಆ ದರಿದ್ರದವನೂ ಪಕ್ಕದಲ್ಲಿ ಕೂತ ಅಪ್ಪಯ್ಯನೂ ಒಂದೇ ಮಾತಾಡುತ್ತಿದ್ದರು. ಶ್ರೀರಂಜನಿಗೆ ಅವನಿಗಿಂತ ಇವರ ಮೇಲೇ ಹೆಚ್ಚು ಅಸಹ್ಯ ಹುಟ್ಟಿತು.

"ಸಪ್ತಪದಿ ಎಲ್ಲಿ ಹೋಯ್ತು ಅಪ್ಪಯ್ಯ? ಎರಡು ವರ್ಷ ಅವನ ಪಕ್ಕ ಮಲಗಿದವಳು ಯಾರು?"

"ನಾಲಿಗೆ ಬಿಗಿ ಹಿಡಿ!" ಭಟ್ಟರು ಶಾಲು ಕೊಡವಿ ಎದ್ದುಬಿಟ್ಟರು.

ಬಸ್ ನಿಲ್ದಾಣದ ದಾರಿಯಲ್ಲೇ ಸಬ್‌ರಿಜಿಸ್ಟ್ರಾರ್ ಕಚೇರಿ. ಭಟ್ಟರು ಆ ಕಡೆ ಕತ್ತು ತಿರುಗಿಸದೆ ಬಿರಬಿರನೆ ದಾಟಿದರು. ಶ್ರೀರಂಜನಿ ನೇರ ಒಳಗೆ ಹೋಗಿ ನೋಟಿಸ್ ಬೋರ್ಡಿನ ಮುಂದೆ ನಿಂತಳು. ಧೂಳು ಹಿಡಿದ ಗಾಜಿನ ಹಿಂದೆ ಮದುವೆಯ ನೋಟಿಸು, ಅದರಲ್ಲಿ ಯಾರೋ ಒಬ್ಬ ಹುಡುಗನ, ಯಾರೋ ಒಬ್ಬ ಹುಡುಗಿಯ ಹೆಸರು. ಪತ್ರ ನೋಂದಣಿಗೆ ಬಂದ ಜನ ಬೋರ್ಡಿಗೇ ಬೆನ್ನು ಆನಿಸಿ ಅಡಿಕೆ ಧಾರಣೆ ಮಾತಾಡುತ್ತಿದ್ದರು.

"ಬಸ್ಸು ಬಂತು, ಬಾ!" ಭಟ್ಟರು ರಸ್ತೆಯಿಂದ ಕೂಗಿದರು.

"ನೀವೇ ಇಲ್ಲಿ ಬನ್ನಿ ಅಪ್ಪಯ್ಯ," ಅವಳು ಜನರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದಳು. "ಬಂದು ನೋಡಿ. ಇದನ್ನ ಇಲ್ಲಿ ಒಂದು ನರಪಿಳ್ಳೆಯೂ ಓದೋದಿಲ್ಲ."