ಭಾವ ತೋರಿಸಿದ ನಾಯಿ

ನನ್ನ ಭಾವ ಚೆಲುವರಾಜು ತಾನಾಗಿಯೇ ಫೋನು ಮಾಡಿ, ನಿನ್ನ ಕುರಿ ಕಾಯಲು ಬಿಳಿಕೆರೆಯಲ್ಲಿ ನಾಯಿ ನೋಡಿದ್ದೇನೆ ಬಾ ಎಂದಾಗಲೇ ನನಗೆ ಅನುಮಾನ ಬಂತು. ಅಕ್ಕನನ್ನು ಮದುವೆಯಾಗಿ ಆರು ವರ್ಷವಾಯಿತು. ಅಷ್ಟು ದಿನದಲ್ಲಿ ಆ ಮನುಷ್ಯ ನನ್ನ ಕುರಿಗಳ ವಿಚಾರ ಎತ್ತಿದ್ದು, ಅವನ್ನು ಯಾವಾಗ ಮಾರುತ್ತೀಯ ಎಂದು ಕೇಳುವುದಕ್ಕೆ ಮಾತ್ರ.

ಅವನದು ಹುಣಸೂರಿನ ಆಚೆ ಒಂದು ಹಳ್ಳಿ. ಮೂರೆಕರೆ ಹೊಗೆಸೊಪ್ಪು, ಸೊಪ್ಪು ಬೇಯಿಸುವ ಒಂದು ಬ್ಯಾರನ್ನು. ಸೊಪ್ಪು ಮುರಿಯುವ ಕಾಲಕ್ಕೆ ಆಳು ಸಿಗುವುದಿಲ್ಲ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ರಟ್ಟೆ ಗಟ್ಟಿ ಇದೆ. ಮೇಲಾಗಿ ಬಾಮೈದ, ಕೂಲಿ ಎಷ್ಟು ಎಂದು ಬಾಯಿಬಿಟ್ಟು ಕೇಳುವ ಹಾಗಿಲ್ಲ. ನನ್ನ ಕುರಿ ಹೋದರೆ ಅವನಿಗೆ ಒಬ್ಬ ಆಳು ಸಿಕ್ಕ ಹಾಗೆ. ಅಂಥವನು ನನಗೆ ಒಳ್ಳೆ ನಾಯಿ ಹುಡುಕುತ್ತಾನಾ?

ನಮ್ಮೂರು ಅಂತರಸಂತೆಯಿಂದ ಮೂರು ಮೈಲಿ. ಹೊಲ ಮುಗಿದಲ್ಲಿ ಕಂದಕ, ಕಂದಕದ ಆಚೆ ಕಾಡು. ಆಷಾಢದಲ್ಲಿ ಚಿರತೆ ನಮ್ಮ ಹಳೆಯ ನಾಯಿಯನ್ನು ಕಚ್ಚಿಕೊಂಡು ಹೋಯಿತು. ಅದಾಗಿ ಒಂದೂವರೆ ತಿಂಗಳಲ್ಲಿ ಮೂರು ಕುರಿ ಹೋದವು. ಮೂರನೆಯದರ ಒಂದು ಕಾಲು ಮಾತ್ರ ಸಿಕ್ಕಿದ ದಿನ ಅಪ್ಪ ಸಣ್ಣಬೀರಯ್ಯ ಜಗುಲಿಯ ಮೇಲೆ ಕೂತು, ಇನ್ನೊಂದು ಹೋದರೆ ಉಳಿದಿದ್ದನ್ನೆಲ್ಲ ವ್ಯಾಪಾರಿಗೆ ಮಾರಿಬಿಡುತ್ತೇನೆ, ನೀನು ಅಕ್ಕನ ಮನೆಗೆ ಹೋಗಿ ಬ್ಯಾರನ್ನು ನೋಡಿಕೋ ಎಂದ. ಅಪ್ಪ ಒಂದು ಮಾತನ್ನು ಎರಡು ಸಲ ಹೇಳುವವನಲ್ಲ. ಉಳಿದಿದ್ದವು ಮೂವತ್ತೆರಡು. ಅವುಗಳಲ್ಲಿ ಹನ್ನೊಂದು ಗಬ್ಬವಾಗಿದ್ದವು. ಪ್ರತಿಯೊಂದರ ತಾಯಿ ಯಾವುದು, ಅಜ್ಜಿ ಯಾವುದು ಎಂದು ನಾನು ಹೇಳಬಲ್ಲೆ. ನನಗೆ ಬೇರೆ ಏನೂ ಗೊತ್ತಿಲ್ಲ.

ನಾಯಿ ಬೇಕು ಎಂದ ಕೂಡಲೇ ಊರಿನವರೆಲ್ಲ ಮೇಷ್ಟ್ರಾದರು. ಊರುನಾಯಿಯ ಮರಿ ತಂದು ಕುರಿಹಾಲು ಕುಡಿಸಿ ಕುರಿ ಕೂಡುವ ರೊಪ್ಪದಲ್ಲೇ ಮಲಗಿಸಿ ಬೆಳೆಸು ಎಂದು ಅಂಕಯ್ಯ ಹೇಳಿದ. ಅದು ಸರಿಯೇ, ಆದರೆ ಮರಿ ಬೆಳೆದು ಬೊಗಳುವವರೆಗೆ ಚಿರತೆ ಕಾಯಬೇಕಲ್ಲ. ಡೈರಿಯ ಪ್ರಮೀಳಕ್ಕ ತನ್ನ ಅಣ್ಣನ ತೋಟದ ಜರ್ಮನ್ ಷೆಫರ್ಡನ್ನು ಹೊಗಳಿದಳು. ಬಿಸಿಲಾದರೆ ಅದಕ್ಕೆ ಫ್ಯಾನು ಹಾಕುತ್ತಾರಂತೆ. ಕೊನೆಗೆ ಭಾವನ ಬೈಕು ಹತ್ತುವುದೇ ಉಳಿಯಿತು.

ನಮ್ಮಲ್ಲಿ ಕುರಿಗೆ ನಾಯಿ ಆರಿಸಲು ಒಂದು ಕ್ರಮ ಇದೆ. ನಾಯಿಯ ಮುಂದೆ ತಟ್ಟೆಯಲ್ಲಿ ಅಂಬಲಿ ಇಟ್ಟು, ಕುರಿಮರಿಯನ್ನು ಹತ್ತಿರ ಬಿಡಬೇಕು. ಮರಿ ತಟ್ಟೆಗೆ ಬಾಯಿ ಹಾಕಿದರೂ ಸುಮ್ಮನಿದ್ದರೆ ಆ ನಾಯಿ ಹಿಂಡಿಗೆ ಆಗುತ್ತದೆ. ಗುರ್ ಎಂದರೆ ಬೇಡ. ಹಾಗಾಗಿ ಹುಣಸೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಭಾವನ ಬೈಕಿನ ಹಿಂದೆ, ನಮ್ಮದೇ ಒಂದು ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಭಾವ ಹಿಂತಿರುಗಿ ನೋಡಿ, ಮರಿಗೂ ಹೆಲ್ಮೆಟ್ ತರಬೇಕಿತ್ತು ಎಂದ. ನಾನು ನಗಲಿಲ್ಲ.

ನಾಯಿ ಸಾಕುವ ಕಾಂತರಾಜುವಿನ ತೋಟ ಹೈವೇಯಿಂದ ಒಳಗೆ. ಮಾರಾಟಕ್ಕೆ ಬೆಳೆದ ನಾಯಿ ಎರಡು ಇದ್ದವು. ಒಂದು ಮುಧೋಳ, ಗಂಡು. ಬಿಲ್ಲಿನ ಹಾಗೆ ಬಗ್ಗಿದ ಬೆನ್ನು, ನೋಡಿದರೆ ಕಣ್ಣು ಕೀಳಲಾಗದು. ಇನ್ನೊಂದು ಹೆಣ್ಣು, ಅಗಲ ಎದೆ, ಹರಿದ ಕಿವಿ, ಕೊಳಕು ಬಣ್ಣ. ಬಯಲುಸೀಮೆಯ ಕುರಿಗಾರರು ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ತಂಗಿಸಿ ಮುಂದೆ ಹೋಗುವಾಗ ಕಾಲು ಮುರಿದಿತ್ತೆಂದು ಬಿಟ್ಟುಹೋದದ್ದಂತೆ, ಈಗ ಕಾಲು ಕೂಡಿದೆಯಂತೆ. ಜಾತಿ ಯಾವುದು ಎಂದು ಕೇಳಿದೆ. ಕುರಿನಾಯಿ ಕಣ್ರೀ ಎಂದ ಕಾಂತರಾಜು, ಅದೇ ಒಂದು ಜಾತಿ ಎನ್ನುವ ಹಾಗೆ.

ಮುಧೋಳದ ಮುಂದೆ ಅಂಬಲಿ ಇಟ್ಟು ಮರಿ ಬಿಟ್ಟೆ. ಅದು ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು. ಮರಿ ಅಂಬಲಿಯನ್ನು ಮೂಗಿಗೆಲ್ಲ ಮೆತ್ತಿಕೊಂಡಿತು. ಆಮೇಲೆ ಮರಿಯನ್ನು ಎತ್ತಿಕೊಂಡು ಹೆಣ್ಣಿನ ಹತ್ತಿರ ಹೋದೆ. ನಾನಿನ್ನೂ ಮರಿಯನ್ನು ಕೆಳಗೆ ಇಳಿಸಿಯೇ ಇರಲಿಲ್ಲ. ಅದು ಹಲ್ಲು ಕಿರಿದು, ಸರಪಳಿ ಜಗ್ಗಿ, ಹೊಟ್ಟೆಯ ಒಳಗಿಂದ ಗುರ್ ಎಂದಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಭಾವ ಬಾಯಿ ತೆಗೆದ.

"ಶಿವ, ನನ್ ಮಾತು ಕೇಳಾದಾದ್ರೆ ಈ ಎಣ್ಣು ನಾಯೀನೆ ಇಡ್ಕೊ ಕಣ್ಲಾ."

ನನಗೆ ತಲೆ ಕಾದುಹೋಯಿತು. ಮರಿ ಕಂಡರೆ ಕಚ್ಚಲು ಬರುವುದನ್ನು ನನ್ನ ರೊಪ್ಪಕ್ಕೆ ಬಿಡಬೇಕಂತೆ. ಚಿರತೆ ಉಳಿಸಿದ್ದನ್ನು ಇದು ಮುಗಿಸಲಿ, ನಾನು ಹೋಗಿ ಬ್ಯಾರನ್ನಿಗೆ ಸೌದೆ ತುರುಕಲಿ. ದುಡ್ಡು ಎಣಿಸಿ ಕೊಟ್ಟು ಮುಧೋಳದ ಸರಪಳಿ ಬಿಚ್ಚಿಸಿಕೊಂಡೆ. ಭಾವ ಭುಜ ಕುಣಿಸಿದ, ಅಷ್ಟೆ. ವಾದ ಮಾಡಲಿಲ್ಲ. ಅದೂ ನನಗೆ ಸರಿಕಾಣಲಿಲ್ಲ.

ಮನೆಯಲ್ಲಿ ಅಪ್ಪನಿಗೆ, ಇನ್ನೊಂದು ಕಚ್ಚುವ ನಾಯಿ ಇತ್ತು, ಬೇಡ ಎಂದೆ, ಎಂದಷ್ಟೇ ಹೇಳಿದೆ. ಅಪ್ಪ ಮುಧೋಳದ ಕಾಲು, ಸೊಂಟ ನೋಡಿ ಚೆನ್ನಾಗಿ ಓಡುತ್ತದೆ ಎಂದ. ಅದು ಹೊಗಳಿಕೆ ಎಂದುಕೊಂಡೆ.

ಎಂಟು ದಿನ ಎಲ್ಲ ಚೆನ್ನಾಗಿತ್ತು. ಮರಿಗಳು ಅದರ ಮೇಲೆ ಹತ್ತಿ ಕುಣಿದರೂ ಕಣ್ಣು ಮುಚ್ಚಿ ಮಲಗಿರುತ್ತಿತ್ತು. ನಾನು ಫೋಟೊ ತೆಗೆದು ಭಾವನಿಗೇ ಕಳಿಸಿದೆ. ಒಂಬತ್ತನೆಯ ದಿನ, ಮಂಗಳವಾರ, ಹಾಡಹಗಲಲ್ಲಿ ಕಂದಕದ ಪಕ್ಕ ಕುರಿ ಮೇಯುತ್ತಿದ್ದವು. ಲಂಟಾನದ ಪೊದೆಯಿಂದ ಒಂದು ಮೊಲ ಎದ್ದಿತು. ನಾಯಿ ಹೋಯಿತು. ಓಡಿತು ಎನ್ನಲು ಆಗದು. ನೋಡುವಷ್ಟರಲ್ಲಿ ಎರಡು ಹೊಲದಾಚೆ ಇತ್ತು. ಕೂಗುತ್ತ ಅದರ ಹಿಂದೆ ನಾನೂ ಓಡಿದೆ. ಹಿಂದಿನಿಂದ ಕುರಿಗಳು ದಡದಡ ನುಗ್ಗಿದ ಸದ್ದು ಕೇಳಿ ತಿರುಗಿದಾಗ, ಕಂದಕದ ಏರಿಯ ಮೇಲೆ ಚಿರತೆಯ ಬಾಲ ಕಂಡಿತು. ಹೋದದ್ದು ಗಬ್ಬದ ಕುರಿ. ನಾಯಿ ಅರ್ಧ ಗಂಟೆ ಬಿಟ್ಟು ನಾಲಿಗೆ ಚಾಚಿ, ಬಾಲ ಆಡಿಸುತ್ತ ಬಂತು.

ಅಪ್ಪ ಬಯ್ಯಲಿಲ್ಲ. ವ್ಯಾಪಾರಿಗೆ ಫೋನು ಮಾಡಿ ಸೋಮವಾರ ಗಾಡಿ ತರಲು ಹೇಳಿದ. ಇದೆಲ್ಲ ಭಾವನ ಕಿತಾಪತಿ, ಬಿಳಿಕೆರೆಗೆ ಕರೆದುಕೊಂಡು ಹೋಗಿದ್ದೇ ಇದಕ್ಕೆ ಎಂದು ನಾನು ಕೂಗಾಡಿದೆ. ಅಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಪ್ಪ ಬೀಡಿ ಆರಿಸಿದ.

"ಅದು ಮರಿನಾಯಿಗೆ ನೋಡೋ ಪರೀಕ್ಸೆ ಕಣ್ಲಾ, ಬೆಳ್ದಿರೋ ನಾಯಿಗಲ್ಲ. ಗೊತ್ತಿಲ್ದೋನು ಮರಿ ಕಂಕ್ಳಲ್ಲಿ ಇರಿಕ್ಕಂಡು ಬಂದ್ರೆ ಕುರಿ ಕಾದಿರೋ ನಾಯಿ ಕಣ್ಗೆ ಅವ್ನು ಕಳ್ಳ. ಅದು ಗುರ್ ಅಂದಿದ್ದು ಮರೀಗಲ್ಲ, ನಿಂಗೆ."

ಆ ಕೂಡಲೇ ನನಗೆ ನಾಚಿಕೆಯಾಯಿತು ಎಂದರೆ ಸುಳ್ಳು. ನನಗೆ ಬಂದದ್ದು ಇನ್ನೊಂದು ಅನುಮಾನ, ಮೊದಲಿನದಕ್ಕಿಂತ ಕೆಟ್ಟದ್ದು. ಬುಧವಾರ ಬೆಳಗಿನ ಬಸ್ಸಿಗೆ ಅಕ್ಕನ ಊರಿಗೆ ಹೋದೆ. ಭಾವ ಬ್ಯಾರನ್ನಿನ ಒಲೆಯ ಮುಂದೆ ಕೂತಿದ್ದ, ಕಣ್ಣು ಕೆಂಡವಾಗಿತ್ತು. ಅಕ್ಕ ಶಾಂತಲಾ ಹೊರಗೆ ಒಬ್ಬಳೇ ಕಡ್ಡಿಗೆ ಸೊಪ್ಪು ಪೋಣಿಸುತ್ತಿದ್ದಳು. ನಿಂತಲ್ಲಿಂದಲೇ ಕೇಳಿದೆ.

"ನೀವು ತೋರ್ಸಿದ್ನ ನಾನು ತಗೊಳಲ್ಲ ಅಂತ ನಿಮ್ಗೆ ಗೊತ್ತಿತ್ತು ಅಲ್ವಾ ಭಾವ? ಅದ್ಕೇ ಒಳ್ಳೇದ್ನ ತೋರ್ಸುದ್ರಿ."

ಭಾವ ಒಂದು ಕೊರಡು ಒಳಗೆ ತಳ್ಳಿದ. ಕೈ ಕೊಡವಿಕೊಂಡ.

"ನೀನಿಲ್ಲಿಗೆ ಬಂದ್ರೆ ನಂಗೆ ಒಳ್ಳೇದೇ. ಇಲ್ಲ ಅಂದ್ರೆ ನೀನು ನಂಬ್ತೀಯಾ? ಒಳ್ಳೆ ನಾಯಿ ತೋರ್ಸಿದ್ದೂ ನಾನೇ. ಎರಡೂ ಮಡೀಕೊ, ಯಾವ್ದು ಬೇಕೋ ಅದ್ನ ನಂಬು."

ಇದು ಒಪ್ಪಿಕೊಂಡದ್ದೋ, ಇಲ್ಲ ಎಂದದ್ದೋ? ಮತ್ತೆ ಕೇಳಲು ಹೋದೆ. ಅಕ್ಕ ತಲೆ ಎತ್ತದೆಯೇ ತಡೆದಳು.

"ನಿಂಗೆ ಕುರಿ ಉಳೀಬೇಕಾ, ನಿಮ್ ಭಾವ ಕಳ್ಳ ಅಂತ ಗೊತ್ತಾಗ್ಬೇಕಾ? ಒಂದೇಳು."

ಎರಡೂ ಬೇಕಿತ್ತು. ಅವಳು ಕೊಟ್ಟ ಮುದ್ದೆ ಉಂಡು ಊರಿಗೆ ಹೊರಟೆ.

ಗುರುವಾರ ಗೂಡ್ಸ್ ಆಟೋದಲ್ಲಿ ಮುಧೋಳವನ್ನು ಬಿಳಿಕೆರೆಗೆ ಒಯ್ದೆ, ಈ ಸಲ ಭಾವನಿಗೆ ಹೇಳದೆ. ಇಷ್ಟು ಒಳ್ಳೆ ನಾಯಿಯನ್ನು ಯಾರಾದರೂ ವಾಪಸ್ಸು ತರುತ್ತಾರಾ ಎಂದು ಕಾಂತರಾಜು ಅದರ ಹಲ್ಲು, ಪಾದ, ಕಿವಿಯೊಳಗು ಎಲ್ಲ ನೋಡಿದ. ರೋಗ ಮುಚ್ಚಿಟ್ಟಿದ್ದೀರೇನು ಎಂದು ಎರಡು ಸಲ ಕೇಳಿದ. ಹೆಣ್ಣು ನಾಯಿ ಇನ್ನೂ ಇತ್ತು. ಹರಿದ ಕಿವಿ ನೋಡಿ ಯಾರೂ ಒಯ್ದಿರಲಿಲ್ಲ. ಬರಿಗೈಲಿ ಅದರ ಎದುರು ನೆಲದ ಮೇಲೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಅದು ನನ್ನ ಬೂಟು ಮೂಸಿತು. ಅಷ್ಟು ಸಾಕು ಎಂದ ಕಾಂತರಾಜು.

ಮುಧೋಳದ ಬದಲಿಗೆ ಅದನ್ನು ತಂದು ನಾಲ್ಕು ದಿನ ರೊಪ್ಪದ ಒಳಗೇ ಕಟ್ಟಿದೆ. ನಾನು ಹೊರಗೆ ಕೂತು ಕಾದೆ, ಮರಿಯ ಮೇಲೆ ಬಾಯಿ ಹಾಕಿದರೆ ಇರಲಿ ಎಂದು ಕೈಯಲ್ಲಿ ದೊಣ್ಣೆ ಹಿಡಿದು. ಹಾಕಲಿಲ್ಲ. ಸೋಮವಾರ ವ್ಯಾಪಾರಿಯ ಗಾಡಿ ಬಂತು. ಅಪ್ಪ ರೊಪ್ಪದ ಬೇಲಿಯ ಮೇಲೆ ಕೈಯಿಟ್ಟು ತುಂಬ ಹೊತ್ತು ನೋಡಿದ. ಕುರಿಗಳು ನಾಯಿಯ ಬೆನ್ನಿಗೆ ಒರಗಿ ಮೆಲುಕು ಹಾಕುತ್ತಿದ್ದವು. ದೀಪಾವಳಿ ಕಳೆಯಲಿ ಎಂದು ವ್ಯಾಪಾರಿಗೆ ಕಾಫಿ ಕುಡಿಸಿ ಕಳಿಸಿದ. ಸ್ವಲ್ಪ ಹೊತ್ತಿಗೆ ಭಾವ ಫೋನು ಮಾಡಿದ. ನಾನು ಎತ್ತಲಿಲ್ಲ.

ಆ ಮಧ್ಯಾಹ್ನ ಸರಪಳಿ ಬಿಚ್ಚಿ ಹಿಂಡಿನ ಜೊತೆ ಬಿಟ್ಟೆ. ಯಾರೂ ಹೇಳಿಕೊಡದೆ ಅದು ಕುರಿಗಳಿಗೂ ಕಂದಕಕ್ಕೂ ನಡುವೆ ಹೋಗಿ ನಡೆಯತೊಡಗಿತು, ಹಳೆಯ ಗಾಯದ ಕಾಲನ್ನು ಸ್ವಲ್ಪ ಎಳೆಯುತ್ತ. ಕೌಜುಗದ ಹಕ್ಕಿ ಎದ್ದಿತು, ನಾಯಿ ತಿರುಗಲಿಲ್ಲ. ಅದು ಕಾಡಿನ ಕಡೆಗೇ ನೋಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ, ಕಣ್ಣು ತೆಗೆಯದೆ.

ಸಂಜೆ ರೊಪ್ಪಕ್ಕೆ ತುಂಬುವಾಗ ಎಣಿಸಿದೆ. ಮೂವತ್ತೊಂದು. ಸರಿಯಾಗಿತ್ತು. ನಂಬದೆ ಇನ್ನೊಂದು ಸಲ ಎಣಿಸಿದೆ.