ಬ್ಯಾಡ ಅನ್ನದ ಶಾಲೆ

1
ಎಲ್ಲಿಂದ ಶುರು ಮಾಡಲಿ? ಗಡಿಯಲ್ಲಿ ಸಿಡಿದ ಗುಂಡಿನಿಂದ ಮಾಡಿದರೆ ನೀವು ಓದುತ್ತೀರಿ. ಅಕ್ಕಿಆಲೂರಿನ ಹತ್ತಿರದ ಒಂದು ಶಾಲೆಯಿಂದ ಮಾಡಿದರೆ ಆಕಳಿಸುತ್ತೀರಿ. ಆಕಳಿಸಿರಿ. ಗುಂಡಿನ ಸಪ್ಪಳ ನಾನು ಕೇಳಿದವನಲ್ಲ; ಆ ಶಾಲೆಯ ನೆರೆಯಲ್ಲಿ ಕಥೆ ಬರೆದುಕೊಂಡಿರುವ ಮುದುಕ.

ಗಂಟೆ ಇಲ್ಲ, ಛಡಿ ಇಲ್ಲ, ಹತ್ತನೆಯ ಇಯತ್ತೆಯ ತನಕ ಪರೀಕ್ಷೆ ಇಲ್ಲ. ಗುದ್ಲೆಪ್ಪ ಮಾಸ್ತರರು ಕಟ್ಟಿದ ಆ ಶಾಲೆಗೆ ಇದ್ದದ್ದು ಒಂದೇ ನೇಮ: ಯಾವ ಹುಡುಗನಿಗೂ ‘ಬ್ಯಾಡ’ ಅನ್ನಕೂಡದು. ಹುಣಸೆಮರ ಏರಿದವನಿಗೂ ‘ಇಳಿ’ ಅನ್ನುತ್ತಿರಲಿಲ್ಲ. “ಬಿದ್ರ ಏನಾಕ್ಕೈತಿ, ನೀನ ವಿಚಾರ ಮಾಡು” ಅನ್ನುತ್ತಿದ್ದರು. (ವಿಚಾರ ಮಾಡುತ್ತಲೇ ಬಿದ್ದವರೂ ಉಂಟು.)

2
ಅಲ್ಲಿ ಅಡುಗೆ ಮಾಡುವವಳು ಸಿದ್ದವ್ವ. ಅವಳ ಒಬ್ಬನೇ ಮಗ ಫಕ್ಕೀರೇಶ ಬೆಳೆದದ್ದೂ ಕಲಿತದ್ದೂ ಅಲ್ಲಿಯೇ. (ಮೊದಲ ಡ್ರಾಫ್ಟಿನಲ್ಲಿ ಅವನಿಗೊಬ್ಬ ಪ್ರೇಯಸಿಯನ್ನು ಕೊಟ್ಟಿದ್ದೆ. “ಹುಡುಗ್ಯಾರ ಮುಂದ ನನಗ ಮಾತ ಹೊರಡೂದಿಲ್ರೀ ಅಜ್ಜಾರ” ಎಂದು ಅವನೇ ಆಕೆಯನ್ನು ಕಥೆಯಿಂದ ಹೊರಗೆ ಕಳಿಸಿದ.)

ಹಾವೇರಿಯ ಸೈನ್ಯಭರ್ತಿಯಲ್ಲಿ ಅವನನ್ನು ಓಡಿಸಿದರು, ಎದೆ ಅಳೆದರು, ಪಾಸ್ ಎಂದರು. ಹುಟ್ಟಿದಾಗಿನಿಂದ ಯಾರೂ ಅವನನ್ನು ಅಳೆದಿರಲಿಲ್ಲ. ಹಿಗ್ಗಿಬಿಟ್ಟ.

“ಯಾಕ ಬೇಕಲೇ ನಿನಗ ಆ ಬಂದೂಕು?” ಸಿದ್ದವ್ವ ಕೇಳಿದಳು.

“ಅಲ್ಲಿ ಏನ ಮಾಡಬೇಕಂತ ಯಾರಾರ ಹೇಳ್ತಾರಬೇ. ಇಲ್ಲಿ ಎಲ್ಲಾ ನಾನ ವಿಚಾರ ಮಾಡಿ ಮಾಡಿ ಸಾಕಾಗೇತಿ.”

4
(ಮೂರನೆಯದನ್ನು ಹರಿದೆ. ಅದರಲ್ಲಿ ದೇಶಭಕ್ತಿಯ ಭಾಷಣವಿತ್ತು. ಬರೆಯುತ್ತ ನನಗೇ ನಿದ್ದೆ ಬಂತು.)

ಮಗ ಕೇಳುವುದಿದ್ದರೆ ಮಾಸ್ತರರ ಮಾತೊಂದೇ. ಸಿದ್ದವ್ವ ಹಿಟ್ಟಿನ ಕೈಯಲ್ಲೇ ಹೋಗಿ ಅವರ ಮುಂದೆ ನಿಂತಳು.

“ಒಂದ ಸಲ ಬ್ಯಾಡ ಅನ್ರೀ ಸರ.”

“ಅದು ನಮ್ಮ ಪದ್ಧತಿ ಅಲ್ಲ ಸಿದ್ದವ್ವಾ. ಅವ ನಿರ್ಣಯ ತಗೊಂಡಾನ. ಗೌರವ ಕೊಡೋಣು.”

“ಒಂದ ಸಲ ಅಂದ್ರ ನಿಮ್ಮ ಗಂಟೇನ ಹೋಗ್ತೈತ್ರೀ?”

ಮಾಸ್ತರರು ಅತ್ತರು. ಅತ್ತರೇ ಹೊರತು ಅನ್ನಲಿಲ್ಲ. ಹೊರಡುವ ದಿನ ಶಾಲು ಹೊದಿಸಿದರು. ‘ಸ್ವತಂತ್ರ ವಿಚಾರದ ನಮ್ಮ ವಿದ್ಯಾರ್ಥಿ’ ಎಂದು ವಾಟ್ಸಾಪಿನಲ್ಲಿ ಫೋಟೊ ಹಾಕಿದರು.

ಬಸ್ಸು ಹತ್ತುವ ಮುಂದೆ ಫಕ್ಕೀರೇಶ ನನ್ನ ಕಡೆ ತಿರುಗಿದ.

“ಸರ್ ಬ್ಯಾಡ ಅಂದಿದ್ರ ಉಳೀತಿದ್ದೆ ಅಜ್ಜಾರ. ಕಡೀತನಾ ಕಾದೆ.”

“ಹಂಗಂತ ಅವರಿಗೆ ಹೇಳಬಾರದೇನೋ ಹುಚ್ಚಪ್ಯಾಲಿ?”

“ಅವರಾಗೇ ಅನ್ಲಿ ಅಂತ.”

ಇಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ.

5
ಈಗ ಗಡಿಯಲ್ಲಿ ಲಡಾಯಿ ಹತ್ತಿದೆ. ಫಕ್ಕೀರೇಶನ ಫೋನಿಲ್ಲ. ಕಥೆ ಮುಗಿಸಬೇಕಲ್ಲ, ಮೂರು ಅಂತ್ಯ ಹೊಸೆದೆ.

ಒಂದು: ಕೋಲೂರಿಕೊಂಡು ಅಕ್ಕಿಆಲೂರಿನಲ್ಲಿ ಬಸ್ಸಿಳಿಯುತ್ತಾನೆ.

ಎರಡು: ಧ್ವಜ ಹೊದಿಸಿದ ಪೆಟ್ಟಿಗೆ, ಹಾನಗಲ್ಲಿನಿಂದ ಬಂದ ಮುಂದಾಳುಗಳು, ಮೈಕು, ಮತ್ತೆ ಶಾಲು.

ಮೂರು: ಎದುರಿಗೊಬ್ಬ ಅವನದೇ ವಯಸ್ಸಿನ ಹುಡುಗ. ಹೊಡಿ ಎಂದು ಹುಕುಂ ಬರುತ್ತದೆ. ಫಕ್ಕೀರೇಶ ವಿಚಾರ ಮಾಡುತ್ತಾನೆ. ಎದುರಿನವನು ಮಾಡುವುದಿಲ್ಲ.

(ಮೂರನೆಯದು ಬರೆದಾಗ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ನಾಚಿಕೆಗೇಡಿ ಕಸುಬು ಇದು.)

ಮೂರನ್ನೂ ಸಿದ್ದವ್ವನ ಮುಂದಿಟ್ಟು, “ನಿನಗ ಬೇಕಾದ್ದನ್ನ ನೀನ ಆರಿಸ್ಕೊಳವ್ವಾ” ಎಂದೆ. ಇಂಥ ಕಥೆಗಳಲ್ಲಿ ಹಾಗೆ ಅನ್ನುವುದು ಈಗ ಫ್ಯಾಶನ್.

ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

“ನೀವೂ ಆ ಮಾಸ್ತರನ ತಮ್ಮನ ಏನ್ರೀ?”

ನಾನು ಹಾಳೆಗಳನ್ನು ಇನ್ನಷ್ಟು ಅವಳತ್ತ ಸರಿಸಿದೆ.

“ನಾ ಒಂದನೇದ್ದ ಆರಿಸಿದ್ರ ಅವ ಬರ್ತಾನೇನ್ರೀ? ಹೇಳ್ರಿ. ಬರ್ತಾನ?”

“ಅದು ನನಗೆಂಗ ಗೊತ್ತಾಗಬೇಕವ್ವಾ…”

“ಹಂಗಾರ ಅವ ಬರೂತನಾ ಮುಂದ ಬರೀಬ್ಯಾಡ್ರಿ. ಒಂದಕ್ಷರ ಬರೀಬ್ಯಾಡ್ರಿ. ವಿಚಾರಾನೂ ಮಾಡಬ್ಯಾಡ್ರಿ. ಇಡ್ರಿ ಆ ಪೆನ್ನ ಕೆಳಗ.”