ಚಿಕ್ಕದೇ ಸಾಕು ಅಂದವಳು ನಾನು

ನನ್ನ ಮಗಳ ಹೊಟ್ಟೆಯನ್ನು ನಾನು ಆಡಿಕೊಂಡು ನಕ್ಕಷ್ಟು ಅವಳ ಅತ್ತೆಯೂ ನಕ್ಕಿರಲಿಕ್ಕಿಲ್ಲ. ಅವಳಿ ಮಕ್ಕಳು ಹುಟ್ಟಿ ಎಂಟು ವರ್ಷವಾದರೂ ಅದು ಒಳಗೆ ಹೋಗಿರಲಿಲ್ಲ. “ಆನೆ ಕೂಡ ಎರಡು ವರ್ಷಕ್ಕೆ ಹೆತ್ತು ಕೈತೊಳ್ಕೊಳ್ಳುತ್ತೆ ಕಣೇ, ನೀನಿನ್ನೂ ಹೊತ್ಕೊಂಡೇ ಇದ್ದೀಯಲ್ಲ” ಎಂದು ನೂರು ಸಲವಲ್ಲ, ಲಕ್ಷ ಸಲ ಅಂದಿದ್ದೇನೆ. ಅವಳೂ ನಗುತ್ತಿದ್ದಳು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದು, ಸೊಂಟ ಹಿಡಿದುಕೊಂಡೇ ನಗುತ್ತಿದ್ದಳು.

ಒಂದು ದಿನ ನಗಲಿಲ್ಲ. ಬಸ್ಸಿನಲ್ಲಿ ಯಾರೋ ಮುದುಕಿ ಎದ್ದು ಸೀಟು ಬಿಟ್ಟುಕೊಟ್ಟು, ಎಷ್ಟು ತಿಂಗಳು ಎಂದು ಕೇಳಿದ್ದಳಂತೆ. ನನಗಿಂತ ಮುದುಕಿಯಂತೆ, ಅಂದರೆ ಭೂಮಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು.

“ಏನಂದೆ?”

“ಏಳು ತಿಂಗಳು ಅಂದೆ. ಸೊಂಟ ಸಾಯ್ತಿತ್ತು, ಕೂತ್ಕೊಂಡೆ.”

ಹಾಗೆಂದವಳು ಅತ್ತುಬಿಟ್ಟಳು. ಮಾರನೇ ವಾರ ಇಬ್ಬರೂ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಅವಳನ್ನು ಮಲಗಿಸಿ, ತಲೆ ಎತ್ತು ಅಂದರು. ಎತ್ತಿದ ಕೂಡಲೇ ಹೊಟ್ಟೆಯ ನಡುವೆ ಒಂದು ದಿಬ್ಬ ಎದ್ದಿತು. ಬಸಿರಿನಲ್ಲಿ ಎರಡು ಕಡೆಯ ಸ್ನಾಯು ದೂರ ಸರಿದು, ಮತ್ತೆ ಸೇರಿಯೇ ಇಲ್ಲವಂತೆ. ಸಂದಿಯಲ್ಲಿ ಮೂರು ಬೆರಳು ಇಳಿದವು. ಆಮೇಲೆ ನೇರಳೆ ಪೆನ್ನಿನಲ್ಲಿ ಎರಡು ಗೆರೆ ಎಳೆದರು, ಥೇಟ್ ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವ ಹಾಗೆ. ಒಂದು ಗೇಣುದ್ದದ್ದು. ಇನ್ನೊಂದು ಈ ಸೊಂಟದಿಂದ ಆ ಸೊಂಟದವರೆಗೆ.

“ಚಿಕ್ಕ ಆಪರೇಷನ್ನಲ್ಲಿ ಹೊಕ್ಕುಳ ಕೆಳಗಿನ ಚರ್ಮ ಮಾತ್ರ ತೆಗೀತೀವಿ. ಬೇಗ ವಾಸಿಯಾಗುತ್ತೆ, ಆದ್ರೆ ಮೇಲಿನ ಉಬ್ಬು ಹಾಗೇ ಉಳಿಯುತ್ತೆ. ದೊಡ್ಡದರಲ್ಲಿ ಸ್ನಾಯುನ ಮೇಲಿಂದ ಕೆಳಗಿನವರೆಗೂ ಸೇರಿಸಿ ಹೊಲೀತೀವಿ. ನಾಲ್ಕು ಗಂಟೆ ಹಿಡಿಯಬಹುದು. ನಿಮಗೆ ದೊಡ್ಡದೇ ಸರಿ ಅನ್ಸುತ್ತೆ. ಮನೇಲಿ ಯೋಚ್ನೆ ಮಾಡಿ ಹೇಳಿ.”

ನಾಲ್ಕು ಗಂಟೆ ಎಂದಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಅವಳಪ್ಪನನ್ನೂ ನಾಲ್ಕು ಗಂಟೆಯ ಕೆಲಸವೆಂದೇ ಒಳಗೆ ಕರೆದುಕೊಂಡು ಹೋಗಿದ್ದರು. ನಾನೂ ಇವಳೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಹೋಗುವಾಗ ನನ್ನನ್ನು ರೇಗಿಸುತ್ತ ಹೋದ ಮನುಷ್ಯ, ಮುಖದ ಮೇಲೂ ಬಿಳಿ ಬಟ್ಟೆ ಹೊದ್ದುಕೊಂಡು ಹೊರಗೆ ಬಂದರು.

ಮನೆಗೆ ಬಂದು ಮಗಳು ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಕೂತಳು.

“ಅಮ್ಮಾ, ನಲವತ್ತು ವರ್ಷದಿಂದ ಜನರ ಮೈ ಅಳತೆ ತಗೊಳ್ತಿದ್ದೀಯ. ನೀನೇ ಹೇಳು. ಚಿಕ್ಕದೋ, ದೊಡ್ಡದೋ?”

“ಸೊಂಟ ಸಡಿಲ ಅಂತ ಯಾರಾದ್ರೂ ಇಡೀ ಬಟ್ಟೆ ಬಿಚ್ತಾರೇನೇ? ಕೆಳಗೆ ಒಂದು ಹಿಡಿ ಹಿಡಿದ್ರಾಯ್ತು. ಚಿಕ್ಕದೇ ಸಾಕು.”

“ಡಾಕ್ಟರಮ್ಮ ದೊಡ್ಡದು ಅಂದ್ರಲ್ಲ?”

“ಅವರು ಮೊನ್ನೆ ಮೊನ್ನೆ ಸೂಜಿ ಹಿಡಿದೋರು. ನಾನು ಹೊಲಿದಿರೋ ಬಟ್ಟೆ ಹಾಸಿದ್ರೆ ಚಂದ್ರಲೋಕ ಮುಟ್ಟುತ್ತೆ.”

ಅವಳು ನಕ್ಕಳು, ನಂಬಿದಳು. ನಾನು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುವವಳ ಹಾಗೆ ಕೂತಿದ್ದೆ.

ಚಿಕ್ಕದನ್ನೇ ಮಾಡಿಸಿದೆವು, ಒಂದೂವರೆ ಗಂಟೆಯಲ್ಲಿ ಅವಳನ್ನು ಹೊರಗೆ ತಂದರು. ಬೆಂಚಿನಲ್ಲಿದ್ದ ಅಳಿಯನ ಭುಜ ಮುರಿಯುವ ಹಾಗೆ ಹೊಡೆದು, “ನೋಡಿದ್ಯೇನಪ್ಪಾ ನಿಮ್ಮತ್ತೆ ಬುದ್ಧಿನ!” ಅಂದೆ. ಮೂರು ಲೋಕ ಗೆದ್ದ ಹಾಗಿತ್ತು.

ಊತ ಇಳಿಯಲು ತಿಂಗಳುಗಳೇ ಹಿಡಿದವು. ಹೊಕ್ಕುಳ ಕೆಳಗೆ ಇಸ್ತ್ರಿ ಹಾಕಿದ ಹಾಗೆ ಸಪಾಟಾಯಿತು. ಮೇಲೆ ಮಾತ್ರ ಅದೇ ದಿಬ್ಬ. ಕೆಳಗಿನದು ಹೋಗಿದ್ದಕ್ಕೆ ಇದು ಇನ್ನೂ ಎದ್ದು ಕಾಣುತ್ತಿತ್ತು. ಸೊಂಟನೋವು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅಂಗಡಿಯಲ್ಲಿ ಗಿರಾಕಿಯೊಬ್ಬಳು ಮತ್ತೆ ಕೇಳಿದಳಂತೆ, ಎಷ್ಟು ತಿಂಗಳು ಅಂತ. ಡಾಕ್ಟರಮ್ಮನನ್ನು ಕೇಳಿದರೆ, ಇನ್ನೊಮ್ಮೆ ಮಾಡಬಹುದು, ಆದರೆ ಕೆಳಗಿನ ಚರ್ಮ ಆಗಲೇ ತೆಗೆದಿರುವುದರಿಂದ ನಡುವೆ ಉದ್ದಕ್ಕೂ ಇನ್ನೊಂದು ಗಾಯದ ಗುರುತು ಉಳಿಯಬಹುದು ಎಂದರು. ಕತ್ತರಿ ತಾಗಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲವೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊನ್ನೆ ಮಗಳು ಬಂದಾಗ ನಾನು ಯಾರದೋ ಕೋಟು ಬಿಚ್ಚಿ ಹರವಿಕೊಂಡಿದ್ದೆ.

“ಸೊಂಟ ಸಡಿಲ ಅಂತ ತಾನೇ ಕೊಟ್ಟಿದ್ದು? ಪೂರ್ತಿ ಯಾಕೆ ಬಿಚ್ಚಿದ್ದೀಯ?”

“ಒಳಗೆ ಲೈನಿಂಗೇ ಕಿತ್ತೋಗಿದೆ. ಅದನ್ನ ಸೇರಿಸದೆ ಮೇಲೆ ಎಷ್ಟು ಹಿಡಿದ್ರೂ...”

ಅವಳು ಕೋಟನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಆಗ್ಲೂ ಗೊತ್ತಿತ್ತಾ ನಿನಗೆ?”

“ನಾಲ್ಕು ಗಂಟೆ ಅಂದ್ರಲ್ಲೇ ಅವರು.”

ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಆ ಕೋಟಿನ ಗುಂಡಿಯನ್ನು ತಿರುವುತ್ತ ಅಂದಳು.

“ಆ ಬೆಂಚಿನ ಮೇಲೆ ನಾನೂ ಕೂತಿದ್ದೆ ಅಮ್ಮಾ. ಹೆದರಿಕೆ ಆಗ್ತಿದೆ ಅಂದಿದ್ರೆ, ನಿನಗೆ ಸಮಾಧಾನ ಹೇಳಿ ದೊಡ್ಡದನ್ನೇ ಮಾಡಿಸ್ಕೊಳ್ತಿದ್ದೆ. ನೀನು ಹೊಲಿಗೆ ಮಾತು ಹೇಳ್ದೆ. ಹೊಲಿಗೇಲಿ ನೀನು ಯಾವತ್ತೂ ಸುಳ್ಳು ಹೇಳಿರ್ಲಿಲ್ಲ.”

ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಏಳುವಾಗ ದಿಬ್ಬ ಮುಂದೆ ಬಂತು. ರೂಢಿ ನೋಡಿ, ಆನೆಯ ಮಾತು ನಾಲಗೆ ತುದಿಗೆ ಬಂದೇ ಬಿಟ್ಟಿತ್ತು. ನುಂಗಿಕೊಂಡೆ.

ಬಾಗಿಲಲ್ಲಿ ನಿಂತು ತಿರುಗಿದಳು. “ಏನೋ ಅನ್ನೋಕೆ ಹೊರಟ್ಯಲ್ಲ, ಅನ್ನು.”

“ಏನಿಲ್ಲ ಕಣೇ.”

“ಅನ್ನಮ್ಮಾ. ನೀನು ಸುಮ್ನಿದ್ರೆ ಇನ್ನೂ ನೋಯುತ್ತೆ.”

ಅವಳಿಗೋಸ್ಕರವಾದರೂ ಅನ್ನಬೇಕಿತ್ತು. ಸೂಜಿ ಎತ್ತಿಕೊಂಡು ದಾರ ಪೋಣಿಸತೊಡಗಿದೆ.